ಜೊತೆಗಿದ್ದ ದಿನಗಳ ಲೆಕ್ಕ: ಹೊರದೇಶದ ದಾಂಪತ್ಯ ಮತ್ತು ಕೆನಡಾದ ಕಾಯಂ ನಿವಾಸದ ಹಕ್ಕು



ಪರದೇಶವೊಂದು ಒಬ್ಬರಿಗೆ ತನ್ನ ನೆಲದಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು ಕೊಡುತ್ತದೆ. ಆ ವ್ಯಕ್ತಿ ಅಲ್ಲಿ ಇರದೆ ಬೇರೆಲ್ಲೋ ಬಾಳತೊಡಗಿದರೆ ಆ ಹಕ್ಕು ಏನಾಗಬೇಕು? ಮೊದಲ ನೋಟಕ್ಕೆ ಉತ್ತರ ಸುಲಭ. ನೆಲೆಸಲೆಂದು ಕೊಟ್ಟ ಹಕ್ಕು, ನೆಲೆಸದಿದ್ದರೆ ಹೋಗಬೇಕು. ಹೆಚ್ಚಿನ ದೇಶಗಳ ವಲಸೆ ಕಾನೂನು ಹೀಗೆಯೇ ಯೋಚಿಸುತ್ತದೆ. ಆದರೆ ಆ ವ್ಯಕ್ತಿ ಹೊರಗೆ ಬಾಳುತ್ತಿರುವುದು ಅದೇ ದೇಶದ ಪ್ರಜೆಯಾದ ಗಂಡನ ಜೊತೆ ಅಥವಾ ಹೆಂಡತಿಯ ಜೊತೆ ಎಂದಾದರೆ ಉತ್ತರ ಅಷ್ಟು ಸುಲಭವಾಗಿ ಉಳಿಯುವುದಿಲ್ಲ. ಕೆನಡಾದ ಕಾನೂನು ಇಲ್ಲಿ ಒಂದು ವಿಶೇಷ ನಿಲುವು ತಳೆದಿದೆ: ತನ್ನ ಪ್ರಜೆಯೊಡನೆ ಹೊರದೇಶದಲ್ಲಿ ಕಳೆದ ಪ್ರತಿ ದಿನವನ್ನೂ ಕೆನಡಾದಲ್ಲೇ ಕಳೆದ ದಿನವೆಂದು ಅದು ಎಣಿಸುತ್ತದೆ. ಈ ನಿಲುವು ಉದಾರ ಮಾತ್ರವಲ್ಲ, ತರ್ಕಬದ್ಧವೂ ಹೌದು ಎಂಬುದು ನನ್ನ ವಾದ. ಇತ್ತೀಚಿನ ವರ್ಷಗಳಲ್ಲಿ ಈ ನಿಯಮದ ಒಂದು ಪದವನ್ನು ಹಿಗ್ಗಿಸಿ ‘ಯಾರು ಯಾರ ಹಿಂದೆ ಹೋದರು’ ಎಂದು ಕೇಳುವ ಓದು ಬಂದಿದೆ. ಆ ಓದು ನಿಯಮದ ಜೀವಾಳವನ್ನೇ ಕೆಡಿಸುತ್ತದೆ ಎಂಬುದನ್ನೂ ತೋರಿಸಲು ಯತ್ನಿಸುತ್ತೇನೆ.

ಇದು ದೂರದ ದೇಶದ ಕಾನೂನಿನ ಸೂಕ್ಷ್ಮವಾದರೂ ನಮಗೂ ಇದಕ್ಕೂ ನಿಜವಾದ ಸಂಬಂಧವಿದೆ. ಭಾರತದ ಸಂವಿಧಾನದ 9ನೆಯ ವಿಧಿ ಮತ್ತು 1955ರ ಪೌರತ್ವ ಅಧಿನಿಯಮದ ಪ್ರಕಾರ ತಾನಾಗಿ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಸಾಗರೋತ್ತರ ಭಾರತೀಯ ಪೌರ ಎಂಬ ಹೆಸರಿನ, ನಾವೆಲ್ಲ ಓಸಿಐ ಎನ್ನುವ ಕಾರ್ಡು ಅವರಿಗೆ ವೀಸಾ ಇಲ್ಲದೆ ಬಂದಿರುವ ಅನುಕೂಲ ಕೊಡುತ್ತದೆಯೇ ಹೊರತು ಮತದಾನದ ಹಕ್ಕನ್ನಾಗಲಿ, ಕೃಷಿಭೂಮಿ ಇಲ್ಲವೆ ತೋಟ ಕೊಳ್ಳುವ ಹಕ್ಕನ್ನಾಗಲಿ ಕೊಡುವುದಿಲ್ಲ. ಹೀಗಾಗಿ ಟೊರಾಂಟೊ, ಮಿಸಿಸಾಗಾ, ಬ್ರಾಂಪ್ಟನ್ ಕಡೆ ನೆಲೆಸಿದ ಕನ್ನಡದ ಮನೆಗಳಲ್ಲಿ ದಂಪತಿಯಲ್ಲಿ ಒಬ್ಬರು ಕೆನಡಾದ ಪೌರತ್ವ ಪಡೆದು ಇನ್ನೊಬ್ಬರು ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡು ಪಿ.ಆರ್., ಅಂದರೆ ಕಾಯಂ ನಿವಾಸಿ ಆಗಿ ಮುಂದುವರಿಯುವುದಕ್ಕೆ ಗಟ್ಟಿಯಾದ ಕಾರಣಗಳಿವೆ. ಊರಿನ ಜಮೀನು, ಇಲ್ಲಿಯ ಮತ, ಹುಟ್ಟಿದ ದೇಶದ ಪ್ರಜೆ ಎಂಬ ಭಾವ, ಎಲ್ಲವೂ ಆ ತೀರ್ಮಾನದ ಹಿಂದೆ ಇರಬಹುದು. ಮುಂದೆ ಒಂದು ದಿನ ತಂದೆಗೆ ಲಕ್ವ ಹೊಡೆಯಿತೆಂದೊ, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತೆಂದೊ ಇಬ್ಬರೂ ಮರಳಿ ಬರುತ್ತಾರೆ. ಪೌರತ್ವ ಪಡೆದವರಿಗೆ ಕೆನಡಾದ ಬಾಗಿಲು ಯಾವತ್ತೂ ತೆರೆದಿರುತ್ತದೆ. ಇನ್ನೊಬ್ಬರಿಗೆ ತೆರೆದಿರುತ್ತದೆಯೇ ಎಂಬುದೇ ನಮ್ಮ ಪ್ರಶ್ನೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. 2001ರಲ್ಲಿ ಅಂಗೀಕಾರವಾಗಿ 2002ರ ಜೂನ್ 28ರಂದು ಜಾರಿಗೆ ಬಂದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಅಧಿನಿಯಮದ 28ನೆಯ ಕಲಮು ಕಾಯಂ ನಿವಾಸಿಯ ವಾಸದ ಹೊಣೆಯನ್ನು ನಿಗದಿ ಮಾಡುತ್ತದೆ. ಪ್ರತಿ ಐದು ವರ್ಷದ ಅವಧಿಯಲ್ಲಿ ಒಟ್ಟು 730 ದಿನ ಲೆಕ್ಕಕ್ಕೆ ಸಿಗಬೇಕು, ಅಂದರೆ ಐದರಲ್ಲಿ ಎರಡು ವರ್ಷ. ಆ ದಿನಗಳು ಒಂದರ ಬೆನ್ನಿಗೆ ಒಂದು ಬರಬೇಕೆಂದಿಲ್ಲ. ಕೆನಡಾದ ನೆಲದಲ್ಲಿ ಇದ್ದ ದಿನಗಳ ಜೊತೆಗೆ ಇನ್ನೂ ಕೆಲವು ಬಗೆಯ ದಿನಗಳನ್ನು ಕಲಮು ಸೇರಿಸಿಕೊಳ್ಳುತ್ತದೆ. ಕೆನಡಾದ ಉದ್ಯಮವೊಂದರ ಅಥವಾ ಸರ್ಕಾರದ ಪೂರ್ಣಾವಧಿ ಕೆಲಸದ ಮೇಲೆ ಹೊರದೇಶದಲ್ಲಿದ್ದ ದಿನಗಳು, ಹಾಗೆ ಕೆಲಸದ ಮೇಲಿರುವ ಕಾಯಂ ನಿವಾಸಿ ಸಂಗಾತಿಯ ಜೊತೆಗಿದ್ದ ದಿನಗಳು, ಮತ್ತು ಇಂದಿನ ಚರ್ಚೆಗೆ ಮುಖ್ಯವಾದ ಬಗೆಯಾಗಿ, ಕೆನಡಾದ ಪ್ರಜೆಯಾದ ಗಂಡ, ಹೆಂಡತಿ ಅಥವಾ ಮದುವೆಯಿಲ್ಲದೆ ಕೂಡಿಬಾಳುವ ಸಂಗಾತಿಯ ಜೊತೆಗೆ ಹೊರದೇಶದಲ್ಲಿದ್ದ ದಿನಗಳು. ಈ ಕೊನೆಯದಕ್ಕೆ ಉದ್ಯೋಗದ ಷರತ್ತಿಲ್ಲ. ಆ ಪ್ರಜೆ ಹೊರದೇಶದಲ್ಲಿ ಕೆಲಸ ಮಾಡುತ್ತಿರಲಿ, ಓದುತ್ತಿರಲಿ, ವಯಸ್ಸಾದ ತಾಯಿಯನ್ನು ನೋಡಿಕೊಳ್ಳುತ್ತಿರಲಿ, ಸಂಗಾತಿಯ ದಿನ ಎಣಿಕೆಗೆ ಬರುತ್ತದೆ. ಐದು ವರ್ಷವೆಂದರೆ ಪಿ.ಆರ್. ಕಾರ್ಡಿನ ಮೇಲೆ ಅಚ್ಚಾದ ಐದು ವರ್ಷವೆಂದು ಅನೇಕರು ತಿಳಿದಿರುತ್ತಾರೆ. ಅದು ತಪ್ಪು. ಪಿ.ಆರ್. ಆಗಿ ಐದು ವರ್ಷ ದಾಟಿದವರ ವಿಷಯದಲ್ಲಿ ಅಧಿಕಾರಿ ಪರಿಶೀಲನೆ ನಡೆಸಿದ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸುತ್ತಾರೆ. ಇನ್ನೂ ಐದು ವರ್ಷ ತುಂಬದವರು ಉಳಿದ ಅವಧಿಯಲ್ಲಿ 730 ದಿನ ಪೂರೈಸಬಲ್ಲೆವೆಂದು ತೋರಿಸಿದರೆ ಸಾಕು.

ಈ ಎಣಿಕೆಯ ಪದ್ಧತಿ ಎಲ್ಲಿಂದ ಬಂತೆಂದು ನೋಡಿದರೆ ಅದರ ಉದ್ದೇಶ ಅರ್ಥವಾಗುತ್ತದೆ. ಇದಕ್ಕೆ ಮುಂಚೆ ಇದ್ದದ್ದು 1976ರ ವಲಸೆ ಅಧಿನಿಯಮ. ಕೆನಡಾವನ್ನು ತನ್ನ ಕಾಯಂ ನೆಲೆಯಾಗಿ ತೊರೆಯುವ ಉದ್ದೇಶದಿಂದ ಹೊರಗೆ ಹೋದವರು ತಮ್ಮ ಸ್ಥಾನ ಕಳೆದುಕೊಳ್ಳುತ್ತಾರೆ ಎಂದು ಅದು ಹೇಳುತ್ತಿತ್ತು. ಹನ್ನೆರಡು ತಿಂಗಳಲ್ಲಿ 183 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ತೊರೆದಂತೆಯೇ ಎಂದು ಭಾವಿಸಲಾಗುತ್ತಿತ್ತು. ಹಾಗಲ್ಲ ಎಂದು ಅಧಿಕಾರಿಗೆ ಮನವರಿಕೆ ಮಾಡುವ ಹೊಣೆ ಆ ವ್ಯಕ್ತಿಯದು. ಹೊರಡುವ ಮುಂಚೆಯೇ ಮರಳಿ ಬರುವವರ ಪರವಾನಗಿ ಪಡೆದಿಟ್ಟುಕೊಳ್ಳುವ ವ್ಯವಸ್ಥೆಯೂ ಇತ್ತು. ಎಲ್ಲದರ ನಡುವೆ ನಿಂತಿದ್ದ ಪ್ರಶ್ನೆ ಒಂದೇ: ಹೊರಟಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ವಿಮಾನ ನಿಲ್ದಾಣದ ಕಟಕಟೆಯಲ್ಲಿ ನಿಂತ ಅಧಿಕಾರಿ ಇನ್ನೊಬ್ಬರ ಮನಸ್ಸನ್ನು ಓದಬೇಕಿತ್ತು. ಬ್ಯಾಂಕಿನಲ್ಲಿ ದುಡ್ಡು ಇಟ್ಟಿದ್ದರೇ, ಮನೆ ಮಾರಿದ್ದರೇ, ಸಾಮಾನು ಸಾಗಿಸಿದ್ದರೇ ಎಂಬ ಕುರುಹುಗಳ ಮೇಲೆ ಬದುಕು ತೂಗುತ್ತಿತ್ತು. 2002ರ ಕಾನೂನು ಮಾಡಿದ ದೊಡ್ಡ ಬದಲಾವಣೆ ಎಂದರೆ ಮನಸ್ಸನ್ನು ಬಿಟ್ಟು ದಿನವನ್ನು ಹಿಡಿದದ್ದು. ಎಣಿಸಬಹುದಾದದ್ದನ್ನು ಎಣಿಸು, ಊಹಿಸಬೇಕಾದದ್ದನ್ನು ಕೈಬಿಡು ಎಂಬ ವಿವೇಕ ಅದರಲ್ಲಿದೆ. ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನು ಆ ಒಂದು ಪದಕ್ಕೆ ಬರೋಣ. ಅಧಿನಿಯಮದ ಮೂಲ ಪಠ್ಯ ಬಳಸುವ ಪದವನ್ನು ಕನ್ನಡದಲ್ಲಿ ‘ಜೊತೆಗೆ’ ಎನ್ನದೆ ಬೇರೆ ದಾರಿಯಿಲ್ಲ. ಕನ್ನಡದ ಈ ಮಾತಿನಲ್ಲಿರುವಂತೆಯೇ ಮೂಲದಲ್ಲೂ ಎರಡು ಅರ್ಥಗಳಿವೆ. ‘ಜೊತೆಗೆ ಹೋದಳು’ ಎಂದರೆ ಹೊರಟವನು ಒಬ್ಬ, ಅವನನ್ನು ಅನುಸರಿಸಿದವಳು ಇನ್ನೊಬ್ಬಳು. ‘ಜೊತೆಗಿದ್ದಾಳೆ’ ಎಂದರೆ ಇಬ್ಬರೂ ಒಂದೆಡೆ ಇದ್ದಾರೆ, ಅಷ್ಟೆ. ಮೊದಲನೆಯದು ಚಲನೆಯ ಮಾತು, ಎರಡನೆಯದು ಇರವಿನ ಮಾತು. ಯಾವ ಅರ್ಥ ಹಿಡಿಯಬೇಕೆಂಬ ಗೊಂದಲಕ್ಕೆ ಆ ಅಧಿನಿಯಮದ ಅಡಿಯಲ್ಲಿ ರಚಿಸಿದ ನಿಯಮಾವಳಿಯೇ ಉತ್ತರ ಕೊಟ್ಟಿದೆ. ಅದರ 61ನೆಯ ನಿಯಮದ ಪ್ರಕಾರ ಕಾಯಂ ನಿವಾಸಿ ತನ್ನ ಪ್ರಜೆ ಸಂಗಾತಿಯೊಡನೆ ವಾಡಿಕೆಯಾಗಿ ವಾಸವಾಗಿರುವ ಪ್ರತಿ ದಿನವೂ ಜೊತೆಗಿರುವ ದಿನ. ಮೊದಲು ಯಾರು ಹೊರಟರು, ಯಾವ ಕಾರಣಕ್ಕೆ ಹೊರಟರು, ಹೊರಡುವ ಮುಂಚೆ ಇಬ್ಬರೂ ಕೆನಡಾದಲ್ಲಿ ಒಟ್ಟಿಗಿದ್ದರೇ ಎಂಬ ಯಾವ ಮಾತೂ ಅಲ್ಲಿಲ್ಲ. ವಲಸೆ ಇಲಾಖೆಯ ಹಳೆಯ ಕೈಪಿಡಿ ಕೂಡ ಯಾರು ಯಾರ ಜೊತೆ ಹೋದರು, ಯಾಕೆ ಹೋದರು ಎಂದು ತೀರ್ಮಾನಿಸುವ ಅಗತ್ಯವಿಲ್ಲ ಎಂದೇ ತನ್ನ ಅಧಿಕಾರಿಗಳಿಗೆ ತಿಳಿಸಿತ್ತು.

ಆದರೂ ಬೇರೆ ಓದು ಬಂತು. ವಲಸೆ ಮೇಲ್ಮನವಿ ವಿಭಾಗದ ತೀರ್ಪುಗಳು ಎರಡು ದಾರಿ ಹಿಡಿದವು. ಕೆಲವು ನಿಯಮಾವಳಿಯ ಮಾತಿಗೇ ನಿಂತವು. ಇನ್ನು ಕೆಲವು, ಪ್ರಜೆ ಹೊರದೇಶಕ್ಕೆ ಹೋದಾಗ ಕಾಯಂ ನಿವಾಸಿ ಅವರನ್ನು ಹಿಂಬಾಲಿಸಿದ್ದರೆ ಮಾತ್ರ ಜೊತೆ, ಕಾಯಂ ನಿವಾಸಿ ಮೊದಲೇ ಹೊರದೇಶದಲ್ಲಿ ನೆಲೆಸಿದ್ದು ಪ್ರಜೆ ಅಲ್ಲಿಗೆ ಬಂದು ಸೇರಿಕೊಂಡರೆ ಅದು ಜೊತೆಯಲ್ಲ ಎಂದವು. ಫೆಡರಲ್ ಕೋರ್ಟಿನ ಮುಂದೆ ಈ ಎರಡನೆಯ ಓದು ಬಂದಾಗ ಅದು ಅಸಮಂಜಸವೆಂದು ತಳ್ಳಿಹಾಕಲ್ಪಡಲಿಲ್ಲ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೆನಡಾದ ಸುಪ್ರೀಂ ಕೋರ್ಟು 2019ರಲ್ಲಿ ವಾವಿಲೋವ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನಂತರ, ಇಂಥ ಮಂಡಳಿಗಳ ನಿರ್ಧಾರವನ್ನು ಪರಿಶೀಲಿಸುವ ನ್ಯಾಯಾಲಯ ಸಾಮಾನ್ಯವಾಗಿ ಆ ನಿರ್ಧಾರಕ್ಕೆ ಒಪ್ಪತಕ್ಕ ಕಾರಣವಿದೆಯೇ ಎಂದಷ್ಟೇ ನೋಡುತ್ತದೆ. ಅದೊಂದೇ ಸರಿಯಾದ ಅರ್ಥವೇ ಎಂದು ತೀರ್ಪು ಕೊಡುವುದಿಲ್ಲ. ಆದ್ದರಿಂದ ಒಂದು ಓದು ಉಳಿದುಕೊಂಡಿತೆಂದರೆ ಇನ್ನೊಂದು ಸುಳ್ಳಾಯಿತೆಂದಲ್ಲ. ವಿರುದ್ಧವಾದ ಎರಡು ಓದುಗಳೂ ಪಕ್ಕಪಕ್ಕದಲ್ಲಿ ನಿಲ್ಲಬಹುದು. ಒಂದೇ ಬಗೆಯ ಎರಡು ಕುಟುಂಬಗಳಲ್ಲಿ ಒಂದು ಹಕ್ಕು ಉಳಿಸಿಕೊಂಡು ಇನ್ನೊಂದು ಕಳೆದುಕೊಳ್ಳಬಹುದು. ಜನ ತಮ್ಮ ಬದುಕನ್ನು ಮುಂದಾಗಿ ಯೋಜಿಸಲು ನೆರವಾಗಬೇಕಾದ ಕಾನೂನಿಗೆ ಇದು ತಕ್ಕ ಸ್ಥಿತಿಯಲ್ಲ.

ನನ್ನ ಮುಖ್ಯ ಆಕ್ಷೇಪ ಇದಕ್ಕಿಂತ ಆಳದ್ದು. ‘ಯಾರು ಯಾರ ಹಿಂದೆ ಹೋದರು’ ಎಂಬ ಪ್ರಶ್ನೆ ಕೇಳಿದ ಕ್ಷಣವೇ ನಾವು ದಿನವನ್ನು ಬಿಟ್ಟು ಮತ್ತೆ ಮನಸ್ಸಿಗೆ ಮರಳುತ್ತೇವೆ. 2002ರಲ್ಲಿ ಮುಂಬಾಗಿಲಿನಿಂದ ಹೊರಗೆ ಹಾಕಿದ ಉದ್ದೇಶದ ಪರೀಕ್ಷೆ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ಒಂದು ದಂಪತಿ ಮೈಸೂರಿಗೆ ಮರಳಿದರೆನ್ನಿ. ಹೆಂಡತಿ ಕೆನಡಾದ ಪ್ರಜೆ, ಗಂಡ ಪಿ.ಆರ್. ಗಂಡನ ತಾಯಿಗೆ ಕಾಯಿಲೆ, ಹೆಂಡತಿಗೆ ಬೆಂಗಳೂರಿನಲ್ಲಿ ಉದ್ಯೋಗದ ಕರೆ, ಮಕ್ಕಳು ಕೆಲವು ವರ್ಷ ಅಜ್ಜಿಯ ಮನೆಯಲ್ಲಿ ಬೆಳೆಯಲಿ ಎಂಬ ಇಬ್ಬರ ಆಸೆ. ಶಾಲೆಯ ರಜೆಯ ಕಾರಣಕ್ಕೆ ಗಂಡ ಜೂನ್‌ನಲ್ಲಿ ಬಂದ, ಹೆಂಡತಿ ಆಗಸ್ಟ್‌ನಲ್ಲಿ ಬಂದಳು. ಇಲ್ಲಿ ಯಾರು ಯಾರ ಹಿಂದೆ ಬಂದರು? ಮೊದಲು ವಿಮಾನ ಹತ್ತಿದವನು ಹಿಂಬಾಲಿಸಿದವನಲ್ಲ ಎನ್ನೋಣವೆ? ತಾಯಿಯ ಕಾಯಿಲೆ ದೊಡ್ಡ ಕಾರಣವೋ, ಉದ್ಯೋಗ ದೊಡ್ಡ ಕಾರಣವೋ ಎಂದು ತಕ್ಕಡಿ ಹಿಡಿಯೋಣವೆ? ಸಂಸಾರದ ತೀರ್ಮಾನಗಳು ಹೀಗೆ ಬಿಡಿಬಿಡಿಯಾಗಿ ಆಗುವುದಿಲ್ಲ. ರಾತ್ರಿ ಊಟವಾದ ಮೇಲೆ ಕೂತು ಮಾತಾಡಿ, ಒಬ್ಬರು ಸ್ವಲ್ಪ ಬಿಟ್ಟು ಇನ್ನೊಬ್ಬರು ಸ್ವಲ್ಪ ಕೊಟ್ಟು, ಕೊನೆಗೆ ಇಬ್ಬರದೂ ಆಗುವ ತೀರ್ಮಾನ ಅದು. ಅದನ್ನು ಮತ್ತೆ ಎಳೆ ಎಳೆಯಾಗಿ ಬಿಡಿಸಿ ‘ಇದು ನಿನ್ನದು, ಇದು ಅವಳದು’ ಎಂದು ಅಧಿಕಾರಿ ಹಂಚಬೇಕೆಂದರೆ ಅವರು ನಿಯಮಾವಳಿ ಕೇಳದ ಪ್ರಶ್ನೆಗೆ ತಮ್ಮದೇ ಊಹೆಯನ್ನು ಉತ್ತರವಾಗಿ ಕೊಡಬೇಕಾಗುತ್ತದೆ.

ಹಿಂಬಾಲಿಸುವಿಕೆಯ ಈ ಕಲ್ಪನೆಗೆ ಇನ್ನೊಂದು ಹಳೆಯ ನೆರಳೂ ಇದೆ. ಕೆನಡಾದ ಮೊದಲ ಪೌರತ್ವ ಅಧಿನಿಯಮ 1947ರ ಜನವರಿ 1ರಂದು ಜಾರಿಗೆ ಬರುವವರೆಗೆ ಅಲ್ಲಿ ಮದುವೆಯಾದ ಹೆಣ್ಣಿನ ರಾಷ್ಟ್ರೀಯತೆ ಬಹುಮಟ್ಟಿಗೆ ಗಂಡನ ರಾಷ್ಟ್ರೀಯತೆಯನ್ನೇ ಅನುಸರಿಸುತ್ತಿತ್ತು. ಗಂಡ ನಡೆದಲ್ಲಿ ಹೆಂಡತಿಯ ನೆಲೆ ಎಂಬುದು ಕಾನೂನಿನ ಸಿದ್ಧಾಂತವೇ ಆಗಿತ್ತು. ಆ ಕಾಲ ಮುಗಿದಿದೆ. ಆದರೆ ಒಬ್ಬರನ್ನು ಮುಂದಾಳಾಗಿ ಇನ್ನೊಬ್ಬರನ್ನು ಹಿಂಬಾಲಕರಾಗಿ ನೋಡುವ ಕಣ್ಣು ಆ ಕಾಲದ್ದೇ. ಇಂದು ಕೆಲಸ ಬದಲಿಸಿ ದೇಶ ಬದಲಿಸುವವಳು ಹೆಂಡತಿಯಾಗಿರಬಹುದು, ಮನೆ ನೋಡಿಕೊಳ್ಳುವವನು ಗಂಡನಾಗಿರಬಹುದು. ಅಂಥ ಮನೆಯನ್ನು ನೋಡುವ ಅಧಿಕಾರಿಗೆ ಯಾರು ಯಾರ ಜೊತೆ ಎಂದು ನಿರ್ಧರಿಸುವ ಸ್ವಾತಂತ್ರ್ಯ ಕೊಟ್ಟರೆ, ಆ ಸ್ವಾತಂತ್ರ್ಯದೊಳಗೆ ಅವರ ಸ್ವಂತ ಕಲ್ಪನೆಗಳೂ ನುಸುಳುವುದನ್ನು ಯಾರೂ ತಡೆಯಲಾರರು.

ಈಗ ಆಕ್ಷೇಪಗಳನ್ನು ಎದುರಿಸೋಣ. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವುದು ಇದು: ಹೀಗಾದರೆ ಕಾಯಂ ನಿವಾಸ ಎಂಬುದು ಬಾಳುವ ಹಕ್ಕಾಗಿ ಉಳಿಯದೆ, ಬೇಕಾದಾಗ ತೆಗೆಯಲು ಪೆಟ್ಟಿಗೆಯಲ್ಲಿಟ್ಟ ವಿಮೆಯಾಗುತ್ತದೆ. ಇಪ್ಪತ್ತು ವರ್ಷ ಭಾರತದಲ್ಲೇ ಇದ್ದವರೂ ಕೆನಡಾದ ಕಾಯಂ ನಿವಾಸಿಗಳೆನಿಸಿಕೊಳ್ಳುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ಹಕ್ಕನ್ನು ಕಿತ್ತುಕೊಂಡರೆ ರಾಜ್ಯಕ್ಕೆ ಸಿಗುವುದೇನೆಂದು ಕೇಳಿಕೊಳ್ಳಬೇಕು. ಅದೇ ನಿಯಮಾವಳಿಯ ಇನ್ನೊಂದು ಭಾಗದ ಪ್ರಕಾರ, ಹೊರದೇಶದಲ್ಲಿರುವ ಕೆನಡಾದ ಪ್ರಜೆ ತಾನು ಮರಳಿ ಬಂದು ನೆಲೆಸುವೆನೆಂದು ತೋರಿಸಿ ತನ್ನ ಗಂಡನನ್ನೋ ಹೆಂಡತಿಯನ್ನೋ ಪ್ರಾಯೋಜಿಸಬಹುದು. ಕಾಯಂ ನಿವಾಸಿಯಾಗಿ ಹೊರದೇಶದಲ್ಲಿರುವವರಿಗೆ ಈ ಅವಕಾಶವಿಲ್ಲ, ಪ್ರಜೆಗೆ ಮಾತ್ರ ಇದೆ. ಅಂದರೆ ಇಂದು ಕಳೆದುಕೊಂಡ ಸ್ಥಾನವನ್ನು ಅದೇ ವ್ಯಕ್ತಿ ಅದೇ ದಾಂಪತ್ಯದ ಬಲದಿಂದ ನಾಳೆ ಮತ್ತೆ ಪಡೆಯಬಲ್ಲರು. ನಡುವೆ ಆಗುವುದು ಅರ್ಜಿ, ಶುಲ್ಕ, ವೈದ್ಯಕೀಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ, ತಿಂಗಳುಗಟ್ಟಲೆ ಕಾಯುವಿಕೆ. ಎಷ್ಟೋ ಸಲ ಮಕ್ಕಳು ಒಬ್ಬ ಪೋಷಕರೊಡನೆ ಮುಂದಾಗಿ ಹೋಗಿ ಇನ್ನೊಬ್ಬರು ಇಲ್ಲೇ ಉಳಿಯುವ ಪರಿಸ್ಥಿತಿ. ಒಂದು ಕೈಯಲ್ಲಿ ಕಸಿದು ಇನ್ನೊಂದು ಕೈಯಲ್ಲಿ ಕೊಡುವುದಾದರೆ ಕಸಿಯುವುದರಿಂದ ವಲಸೆ ನೀತಿಯ ಯಾವ ಗುರಿಯೂ ಈಡೇರುವುದಿಲ್ಲ. ಕುಟುಂಬದ ಒಂದುಗೂಡುವಿಕೆಯನ್ನು ತನ್ನ ಧ್ಯೇಯಗಳಲ್ಲಿ ಒಂದೆಂದು ಆ ಅಧಿನಿಯಮವೇ ಮೊದಲಲ್ಲಿ ಹೆಸರಿಸಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಸಮಾನತೆಯ ಹೆಸರಿನಲ್ಲಿ ಬರುವ ಆಕ್ಷೇಪವೂ ಇದೆ. ದಂಪತಿಯಲ್ಲಿ ಇಬ್ಬರೂ ಪಿ.ಆರ್. ಆಗಿದ್ದರೆ ಕೆನಡಾದ ಉದ್ಯಮದ ಇಲ್ಲವೆ ಸರ್ಕಾರದ ಕೆಲಸದ ಮೇಲೆ ಹೋದಾಗ ಮಾತ್ರ ದಿನ ಎಣಿಕೆಗೆ ಬರುತ್ತದೆ. ಒಬ್ಬರು ಪ್ರಜೆಯಾದ ಕೂಡಲೇ ಆ ಷರತ್ತು ಮಾಯವಾಗುತ್ತದೆ, ಇದು ನ್ಯಾಯವೇ ಎಂದು ಕೇಳುತ್ತಾರೆ. ನ್ಯಾಯವೆಂದೇ ನನ್ನ ಉತ್ತರ. ಕೆನಡಾದ ಹಕ್ಕು ಮತ್ತು ಸ್ವಾತಂತ್ರ್ಯಗಳ ಸನ್ನದು ಪ್ರತಿಯೊಬ್ಬ ಪ್ರಜೆಗೂ ದೇಶದಿಂದ ಹೊರಹೋಗುವ, ಒಳಬರುವ, ಅಲ್ಲೇ ಉಳಿಯುವ ಹಕ್ಕು ಕೊಟ್ಟಿದೆ. ಪ್ರಜೆಯಲ್ಲದವರಿಗೆ ಆ ದೇಶಕ್ಕೆ ಬರುವ, ಉಳಿಯುವ ನಿಶ್ಶರತ್ತಾದ ಹಕ್ಕಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1992ರಲ್ಲೇ ಹೇಳಿದೆ. ಹಾಗಿರುವಾಗ ವ್ಯತ್ಯಾಸ ಸಹಜ. ಹೊರಗೆ ಹೋಗಿಬರುವ ಹಕ್ಕಿರುವ ಪ್ರಜೆಗೆ ‘ನೀನು ಬರಬಹುದು, ನಿನ್ನ ಹೆಂಡತಿ ಹೊರಗಿರಲಿ’ ಎಂದರೆ ಆ ಹಕ್ಕು ಕಾಗದದ ಮೇಲೆ ಉಳಿದು ಬದುಕಿನಲ್ಲಿ ಇಲ್ಲವಾಗುತ್ತದೆ. ನಿಜಕ್ಕೂ ಈ ನಿಯಮ ಕಾಯುತ್ತಿರುವುದು ಪಿ.ಆರ್. ಒಬ್ಬರ ಅನುಕೂಲವನ್ನಷ್ಟೇ ಅಲ್ಲ, ಪ್ರಜೆಯ ಸಂಚಾರ ಸ್ವಾತಂತ್ರ್ಯವನ್ನು. ಹೀಗೆ ನೋಡಿದಾಗ ‘ಯಾರು ಹಿಂಬಾಲಿಸಿದರು’ ಎಂಬುದು ಅಪ್ರಸ್ತುತವೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ಮರಳಿ ಬರುವ ಹಕ್ಕು ಎಲ್ಲ ಪ್ರಜೆಗಳಿಗೂ ಒಂದೇ. ಸಂಗಾತಿಯ ಹಿಂದೆ ಹೊರಟ ಪ್ರಜೆಗೆ ಅದು ಕಡಿಮೆಯಾಗುವುದಿಲ್ಲ.

ಎದುರಿಗಿರುವವರ ವಾದದಲ್ಲಿ ನನಗೆ ನಿಜವಾಗಿ ಕಷ್ಟ ಕೊಡುವ ಸಂದರ್ಭ ಬೇರೆ. ಪಿ.ಆರ್. ಸಿಕ್ಕಿದ ಮೇಲೆ ಒಂದು ವಾರ ಟೊರಾಂಟೊದಲ್ಲಿ ಇಳಿದು, ಕಾರ್ಡಿಗೆ ವಿಳಾಸ ಕೊಟ್ಟು, ಮರಳಿ ಊರಿಗೆ ಬಂದು, ವರ್ಷಗಟ್ಟಲೆ ಪ್ರಜೆ ಸಂಗಾತಿಯೊಡನೆ ಇಲ್ಲೇ ಇದ್ದವರನ್ನು ಏನೆನ್ನಬೇಕು? ಅವರು ಕೆನಡಾದಲ್ಲಿ ಒಂದು ದಿನವೂ ಬೇರು ಬಿಟ್ಟವರಲ್ಲ. ಹಿಂಬಾಲಿಸುವಿಕೆಯ ಓದು ಹುಟ್ಟಿದ್ದೇ ಇಂಥ ಪ್ರಕರಣಗಳನ್ನು ಕಂಡು ಎಂಬುದನ್ನು ಒಪ್ಪಬೇಕು. ಆ ಕಳವಳ ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಒಂದು ಪದದ ಅರ್ಥವನ್ನು ಹಿಗ್ಗಿಸುವುದಲ್ಲ. ಸಂಸತ್ತಿಗೆ ಬೇಕಿದ್ದರೆ, ಹೊರದೇಶದ ದಿನಗಳನ್ನು ಎಣಿಸುವ ಮುಂಚೆ ಕೆನಡಾದಲ್ಲಿ ಇಷ್ಟು ತಿಂಗಳು ನೆಲೆಸಿರಬೇಕು ಎಂದು ಒಂದು ಸಾಲು ಸೇರಿಸಲಿ. ಅದು ಎಲ್ಲರಿಗೂ ಮುಂದಾಗಿ ತಿಳಿದಿರುತ್ತದೆ, ಎಣಿಸಲು ಬರುತ್ತದೆ, ಯಾವ ಅಧಿಕಾರಿಯ ಎದುರು ಹೋದರೂ ಒಂದೇ ಆಗಿರುತ್ತದೆ. ಕೆಲವೇ ಮಂದಿಯ ದುರುಪಯೋಗ ತಡೆಯಲು ಪ್ರಾಮಾಣಿಕವಾಗಿ ಬಾಳಿ ಹೊರಟ ಸಾವಿರ ಸಂಸಾರಗಳ ಒಳಗನ್ನು ಜಾಲಾಡುವುದಕ್ಕಿಂತ ಇದು ನೇರವಾದ ದಾರಿ.

ಬೇರೆ ದೇಶಗಳ ಕಡೆ ಒಮ್ಮೆ ನೋಡಿದರೆ ಕೆನಡಾದ ನಿಲುವು ಒಂಟಿಯಲ್ಲವೆಂಬುದು ತಿಳಿಯುತ್ತದೆ. ಜರ್ಮನಿಯಲ್ಲಿ ಕಾಯಂ ವಾಸದ ಪರವಾನಗಿ ಸಾಮಾನ್ಯವಾಗಿ ಆರು ತಿಂಗಳು ಹೊರಗಿದ್ದರೆ ರದ್ದಾಗುತ್ತದೆ; ಆದರೆ ಜರ್ಮನ್ ಪ್ರಜೆಯೊಡನೆ ದಾಂಪತ್ಯ ನಡೆಸುತ್ತಿರುವವರಿಗೆ, ಗಡೀಪಾರಿಗೆ ಕಾರಣವಾಗುವಂಥ ತಪ್ಪೇನೂ ಇಲ್ಲದಿದ್ದರೆ, ಈ ಕಟ್ಟಳೆ ಅನ್ವಯಿಸುವುದೇ ಇಲ್ಲ. ಅಲ್ಲಿ ದಿನದ ಎಣಿಕೆಯೂ ಇಲ್ಲ. ಬ್ರಿಟನ್ನಿನಲ್ಲಿ ಎರಡು ವರ್ಷ ಹೊರಗಿದ್ದರೆ ಅನಿರ್ದಿಷ್ಟ ಕಾಲದ ವಾಸಾನುಮತಿ ಬಿದ್ದುಹೋಗುತ್ತದೆ. ಸೇನೆ, ರಾಯಭಾರದಂಥ ಸರ್ಕಾರಿ ಸೇವೆಯಲ್ಲಿ ಹೊರಗಿರುವವರ ಸಂಗಾತಿಗಳಿಗೆ ವಿನಾಯಿತಿ ಉಂಟು. ಅಮೆರಿಕ ಬೇರೆಯೇ ದಾರಿ ಹಿಡಿದಿದೆ. ಗ್ರೀನ್ ಕಾರ್ಡಿನ ವಿಷಯದಲ್ಲಿ ಅದು ಇಂದಿಗೂ ಉದ್ದೇಶದ ಪರೀಕ್ಷೆಯನ್ನೇ ನಡೆಸುತ್ತದೆ, ಪ್ರಜೆಯನ್ನು ಮದುವೆಯಾಗಿರುವುದರಿಂದಲೇ ಹೊರಗಿನ ದಿನಗಳು ಕ್ಷಮಿಸಲ್ಪಡುವುದಿಲ್ಲ. ಆದರೆ ಸರ್ಕಾರವೋ ಅಮೆರಿಕದ ಸಂಸ್ಥೆಯೋ ಹೊರದೇಶಕ್ಕೆ ಕಳಿಸಿದ ಪ್ರಜೆಯ ಸಂಗಾತಿಗೆ ವಾಸದ ಅವಧಿಯನ್ನು ಕೇಳದೆ ಪೌರತ್ವವನ್ನೇ ಕೊಡುವ ಅವಕಾಶ ಇಟ್ಟಿದೆ. ದಾರಿ ಬೇರೆಯಾದರೂ ಮೂರೂ ಕಡೆ ಒಪ್ಪಿಕೊಂಡ ಮಾತೊಂದಿದೆ: ತನ್ನ ಪ್ರಜೆಯೊಡನೆ ಬಾಳುವವರ ಗೈರುಹಾಜರಿ ಬೇರೆಯವರ ಗೈರುಹಾಜರಿಯಂತಲ್ಲ.

ಹಕ್ಕಿದೆ ಎಂದ ಮಾತ್ರಕ್ಕೆ ಅದು ತಾನಾಗಿ ಸಾಬೀತಾಗುವುದಿಲ್ಲ. ರುಜುವಾತಿನ ಹೊಣೆ ಕಾಯಂ ನಿವಾಸಿಯ ಮೇಲಿದೆ. ನಮ್ಮ ಕುಟುಂಬಗಳು ಎಡವುವುದು ಇಲ್ಲೇ. ವಾಡಿಕೆಯಾಗಿ ಒಟ್ಟಿಗೆ ವಾಸವಾಗಿದ್ದರೆಂದು ತೋರಿಸಲು ಬಾಡಿಗೆ ಕರಾರು, ಇಬ್ಬರ ಹೆಸರಿನ ಬ್ಯಾಂಕ್ ಖಾತೆ, ವಿದ್ಯುತ್ ಬಿಲ್ಲು, ವಿಮೆ ಇಂಥವನ್ನು ಕೇಳುತ್ತಾರೆ. ಪಾಶ್ಚಾತ್ಯ ನಗರದ ಗಂಡ ಹೆಂಡಿರ ಸಣ್ಣ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡ ಪಟ್ಟಿ ಇದು. ನಮ್ಮಲ್ಲಿ ಮರಳಿ ಬಂದ ದಂಪತಿ ಎಷ್ಟೋ ಸಲ ಮಾವನ ಮನೆಯ ಮಹಡಿಯ ಮೇಲೆ ಇರುತ್ತಾರೆ. ಬಾಡಿಗೆ ಕರಾರಿನ ಪ್ರಶ್ನೆಯೇ ಇಲ್ಲ. ಮನೆಯ ಖಾತೆ ಮಾವನ ಹೆಸರಿನಲ್ಲಿ, ಕರೆಂಟು ಬಿಲ್ಲು ತೀರಿಹೋದ ಅಜ್ಜನ ಹೆಸರಿನಲ್ಲಿ, ಗ್ಯಾಸ್ ಅತ್ತೆಯ ಹೆಸರಿನಲ್ಲಿ. ಊರೆಲ್ಲ ಬಲ್ಲ ಸಂಸಾರ, ಕಾಗದದಲ್ಲಿ ಮಾತ್ರ ಇಲ್ಲ. ಒಂದೇ ಮನೆಯಲ್ಲಿ ಐದು ವರ್ಷ ಬಾಳಿದವರು, ಬಾಳಿದ್ದಕ್ಕೆ ಸಾಕ್ಷಿಯಿಲ್ಲದೆ ನಿಲ್ಲಬೇಕಾಗುತ್ತದೆ. ಮಕ್ಕಳ ಶಾಲೆಯ ದಾಖಲೆಯಲ್ಲಿ ತಂದೆ ತಾಯಿ ಇಬ್ಬರ ಸಹಿ, ಆಸ್ಪತ್ರೆಯ ಕಡತ, ಆದಾಯ ತೆರಿಗೆಯ ವಿವರಪಟ್ಟಿಯಲ್ಲಿ ಒಂದೇ ವಿಳಾಸ, ಎರಡೂ ಪಾಸ್‌ಪೋರ್ಟುಗಳ ಪ್ರತಿ ಪುಟದ ನಕಲು, ಮನೆಯ ಯಜಮಾನರು ಬರೆದುಕೊಟ್ಟ ಅಫಿಡವಿಟ್ಟು, ಇವು ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಬಲ್ಲವು. ಕನ್ನಡದಲ್ಲಿರುವ ಪಂಚಾಯಿತಿ ರಸೀದಿಗಳನ್ನು ಕೊಡುವುದಾದರೆ ಜೊತೆಗೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕು. ಗಂಡ ಬೆಂಗಳೂರಿನಲ್ಲಿ, ಹೆಂಡತಿ ಮಕ್ಕಳು ಹಾಸನದಲ್ಲಿ ಎಂಬಂತೆ ವರ್ಷವಿಡೀ ಎರಡು ಮನೆ ನಡೆಸಿದರೆ ಜೊತೆಗಿದ್ದರೆಂದು ಹೇಳುವುದು ಕಷ್ಟ. ಕೆಲಸದ ಮೇಲೆ ಹತ್ತು ದಿನ ಪರಊರಿಗೆ ಹೋಗಿಬಂದದ್ದರಿಂದ ಮಾತ್ರ ವಾಡಿಕೆಯ ವಾಸ ಮುರಿಯುವುದಿಲ್ಲ.

ಈ ನಿಯಮದ ಎಲ್ಲೆಗಳನ್ನೂ ತಿಳಿದಿರಬೇಕು. ಸಂಗಾತಿ ಪ್ರಜೆಯಾದ ದಿನದಿಂದ ಮಾತ್ರ ಎಣಿಕೆ ಆರಂಭ, ಅದಕ್ಕೂ ಹಿಂದಿನ ದಿನಗಳು ಸೇರುವುದಿಲ್ಲ. ದಾಂಪತ್ಯ ಮುರಿದರೆ ಎಣಿಕೆಯೂ ಅಲ್ಲಿಗೇ ನಿಲ್ಲುತ್ತದೆ. ಹೀಗೆ ಉಳಿಸಿಕೊಂಡ ಕಾಯಂ ನಿವಾಸ ಪೌರತ್ವದ ಕಡೆ ಒಯ್ಯುವುದೂ ಇಲ್ಲ. ಪೌರತ್ವಕ್ಕೆ ಅರ್ಜಿ ಹಾಕುವ ಮುಂಚಿನ ಐದು ವರ್ಷದಲ್ಲಿ 1,095 ದಿನ ಕೆನಡಾದ ನೆಲದಲ್ಲೇ ಇದ್ದಿರಬೇಕು; ಸೇನೆ ಅಥವಾ ಸರ್ಕಾರಿ ಸೇವೆಯಲ್ಲಿ ಹೊರದೇಶಕ್ಕೆ ಹೋದ ಪ್ರಜೆಯ ಸಂಗಾತಿಯಂಥ ಕೆಲವರಿಗಷ್ಟೇ ಅಲ್ಲಿ ರಿಯಾಯಿತಿ. ಇನ್ನು ಕಾರ್ಡಿನ ಅವಧಿ ಮುಗಿದರೆ ಸ್ಥಾನವೂ ಮುಗಿಯಿತೆಂದು ಗಾಬರಿಯಾಗುವವರಿದ್ದಾರೆ. ಹಾಗಲ್ಲ. ಹೊಣೆ ಪೂರೈಸಿಲ್ಲವೆಂಬ ಅಧಿಕೃತ ನಿರ್ಧಾರ ಹೊರಬಿದ್ದು, ಅದರ ಮೇಲ್ಮನವಿಯೂ ಮುಗಿದು ಅಂತಿಮವಾಗುವವರೆಗೆ ಸ್ಥಾನ ಉಳಿದಿರುತ್ತದೆ. ಆದರೆ ಕೆನಡಾದ ಹೊರಗಿದ್ದು ಕಾರ್ಡು ಇಲ್ಲದವರನ್ನು ಕಾಯಂ ನಿವಾಸಿಯಲ್ಲವೆಂದೇ ಕಾನೂನು ಮೊದಲಿಗೆ ಭಾವಿಸುತ್ತದೆ. ಹೊಸ ಕಾರ್ಡಿಗೆ ಅರ್ಜಿ ಹಾಕಲು ಕೆನಡಾದಲ್ಲೇ ಇರಬೇಕು. ಹೊರಗಿದ್ದವರು ಮರಳುವ ಪ್ರಯಾಣಕ್ಕೆ ಪ್ರವಾಸ ಪತ್ರ ಬೇಡಬೇಕು, ಆ ಬೇಡಿಕೆಯೇ ಪರಿಶೀಲನೆಯ ಹೊತ್ತಾಗುತ್ತದೆ. ಹೊರದೇಶದಲ್ಲಿ ನಿರಾಕರಣೆಯಾದರೆ ಮೇಲ್ಮನವಿಗೆ 60 ದಿನಗಳ ಗಡುವು. ದಿನಗಳು ಸಾಲದಿದ್ದರೂ ಮಾನವೀಯ ಕಾರಣಗಳನ್ನು, ಅದರಲ್ಲೂ ಮಕ್ಕಳ ಹಿತವನ್ನು, ಅಧಿಕಾರಿ ಗಣನೆಗೆ ತೆಗೆದುಕೊಳ್ಳಬೇಕೆಂದು 28ನೆಯ ಕಲಮೇ ಹೇಳುತ್ತದೆ.

ಕೆನಡಾದ ಶಾಸಕರಿಗೆ ಈ ವೇದಿಕೆಯಿಂದ ಮಾತು ಮುಟ್ಟುವುದು ಕಷ್ಟ. ಆದರೆ ಅಲ್ಲಿ ಮತ ಹಾಕುವ ಕನ್ನಡಿಗರಿಗೆ ಮುಟ್ಟೀತು. ಜೊತೆಗಿರುವುದೆಂದರೆ ಒಟ್ಟಿಗೆ ವಾಸವಾಗಿರುವುದೇ ಹೊರತು ಹಿಂಬಾಲಿಸುವುದಲ್ಲ ಎಂದು ಅಧಿನಿಯಮದಲ್ಲೇ ಸ್ಪಷ್ಟವಾಗಿ ಬರೆಯುವಂತೆ ತಮ್ಮ ಕ್ಷೇತ್ರದ ಸಂಸದರನ್ನು ಅವರು ಕೇಳಬೇಕು. ಇಲ್ಲಿಗೆ ಮರಳಿ ಬಂದಿರುವ ದಂಪತಿಗಳಲ್ಲಿ ನನ್ನ ಕೋರಿಕೆ ಇನ್ನೂ ಸರಳವಾದದ್ದು. ಬಂದ ಮೊದಲ ತಿಂಗಳಲ್ಲೇ ಇಬ್ಬರ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ತೆರೆಯಿರಿ, ಮನೆಯ ಒಂದಾದರೂ ಬಿಲ್ಲನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಮತ್ತು ಒಟ್ಟಿಗಿದ್ದ ದಿನಗಳ ಕಾಗದಗಳನ್ನು ವರ್ಷ ವರ್ಷಕ್ಕೆ ಒಂದು ಕಡತದಲ್ಲಿ ಜೋಡಿಸಿಡಿ.